ವಾರ್ಡಿನಲ್ಲಿ ನನ್ನ ಪಕ್ಕ ನಿಂತವರಿಗೆ

ಕರ್ನಾಟಕ ಸ್ಟೇಟ್ ನರ್ಸಿಂಗ್ ಕೌನ್ಸಿಲ್‌ನ ನೋಂದಣಿ ಪತ್ರ ಕೈಗೆ ಬಂತು. 4 ವರ್ಷದ ಬಿ.ಎಸ್ಸಿ ನರ್ಸಿಂಗ್ ಮುಗಿಸಿ ಈಗ ನಾನು ರಿಜಿಸ್ಟರ್ಡ್ ನರ್ಸ್. ಸುಮ್ನೆ ಒಂದು ಸ್ಟೇಟಸ್ ಹಾಕಿ ಬಿಡಲು ಮನಸ್ಸಾಗಲಿಲ್ಲ. ಕೆಲವರಿಗೆ ಎಲ್ಲರ ಎದುರೇ ಥ್ಯಾಂಕ್ಸ್ ಹೇಳಬೇಕು.

ಎರಡನೇ ವರ್ಷ, ಮೆಡಿಕಲ್ ವಾರ್ಡ್ ಪೋಸ್ಟಿಂಗ್‌ನಲ್ಲಿ ಓದು ಬಿಟ್ಟು ಊರಿಗೆ ಹೋಗಿಬಿಡೋಣ ಅನ್ನಿಸಿತ್ತು. ಎಸ್ಸೆಸ್ಸೆಲ್ಸಿವರೆಗೆ ನಾನು ಕನ್ನಡ ಮೀಡಿಯಂ. ಹ್ಯಾಂಡ್‌ಓವರ್, ಅಂದರೆ ಡ್ಯೂಟಿ ಬದಲಾಗುವಾಗ ರೋಗಿಗಳ ವಿವರ ಒಪ್ಪಿಸುವುದು, ಇಂಗ್ಲಿಷಿನಲ್ಲಿ. ನಾನು ಬಾಯಿ ತೆರೆದರೆ ಸಾಕು, ಒಬ್ಬ ಸೀನಿಯರ್ ಸಿಸ್ಟರ್ ಅಣಕಿಸುತ್ತಿದ್ದರು. "ಇವಳ ಕೈಗೆ ಸೂಜಿ ಕೊಡಬೇಡಿ" ಎಂದು ರೋಗಿಗಳ ಮುಂದೆಯೇ ಹೇಳಿದರು. ಅದನ್ನು ಕೇಳಿದ ರೋಗಿ ನನಗೆ ಕೈ ಚಾಚುತ್ತಾರಾ? ಬಿಪಿ ನೋಡುವುದು, ಬೆಡ್ ಮೇಕಿಂಗ್, ಇಷ್ಟೇ ಪಾಲಿಗೆ ಉಳಿಯಿತು. ಚೆನ್ನಾಗಿ ಗೊತ್ತಿದ್ದ ಡೋಸ್ ಲೆಕ್ಕದ ಮೇಲೂ ಅನುಮಾನ ಶುರುವಾಯಿತು. ನಮ್ಮ ಕೆಲಸದಲ್ಲಿ ತಿದ್ದುವವರು ಬೇಕೇ ಬೇಕು. ಆದರೆ ಹೆದರಿದ ಸ್ಟೂಡೆಂಟ್ ಡೌಟ್ ಕೇಳುವುದನ್ನೇ ಬಿಡುತ್ತಾಳೆ. ಅದರ ಪೆಟ್ಟು ಬೀಳುವುದು ರೋಗಿಗೆ, ಅಲ್ವಾ?

ನೈಟ್ ಡ್ಯೂಟಿಯ ಇನ್‌ಚಾರ್ಜ್ ಸಿಸ್ಟರ್, ಮೊದಲ ಥ್ಯಾಂಕ್ಸ್ ನಿಮಗೆ. ಅಳುತ್ತಿದ್ದವಳ ಕೈಗೆ ನೀಲಿ ಕ್ಯಾನುಲಾ (ಡ್ರಿಪ್ ಕೊಡಲು ರಕ್ತನಾಳಕ್ಕೆ ಹಾಕುವ ಸಣ್ಣ ಕೊಳವೆ) ಕೊಟ್ಟಿರಿ. "ಚರ್ಮ ಕೆಳಗೆ ಎಳೆದು ಹಿಡಿ. ವಯಸ್ಸಾದವರ ನರ ಜಾರುತ್ತೆ. ಅವಸರ ಬೇಡ" ಅಂದಿರಿ. ಕ್ಯಾನುಲಾದಲ್ಲಿ ರಕ್ತ ಕಾಣಿಸಿತು. "ಹ್ಞೂಂ, ಕೈಗೆ ಕಟ್ಟಿದ ಟೂರ್ನಿಕೆ ಪಟ್ಟಿ ಬಿಚ್ಚು. ಪ್ಲಾಸ್ಟರ್ ಹಾಕಿ ಫ್ಲಶ್ ಮಾಡು, ತಾರೀಖು ಬರಿ" ಎಂದು ಹೇಳಿ ಪಕ್ಕದ ಬೆಡ್‌ಗೆ ಹೋದಿರಿ. ನನ್ನನ್ನು ಒಬ್ಬಳೇ ಬಿಟ್ಟು ಹೋಗುವಷ್ಟು ನಂಬಿದಿರಿ. ಅವತ್ತಿನಿಂದ ನನ್ನ ಕೈ ನಡುಗುವುದು ಕಡಿಮೆಯಾಯಿತು.

"ಚುಚ್ಚವ್ವಾ, ಕಲಿಯಾಕ ಬಂದೀಯಲ್ಲ" ಎಂದು ಕೈ ಚಾಚಿದ ಅಜ್ಜಿಗೂ ಋಣಿ.

ಟ್ಯೂಟರ್ ಮ್ಯಾಮ್, ನಾನು ಹೇಳಿಕೊಂಡಾಗ "ಇದೆಲ್ಲ ಇದ್ದದ್ದೇ, ನಾವೂ ಅನುಭವಿಸಿಲ್ವಾ" ಅಂತ ನೀವು ಕಳಿಸಿಬಿಡಬಹುದಿತ್ತು. ಜಾಸ್ತಿ ಜನ ಹಾಗೇ ಹೇಳುತ್ತಾರೆ. ನೀವು ವಾರ್ಡಿಗೇ ಬಂದು ಆ ಸಿಸ್ಟರ್ ಹತ್ತಿರ ಮಾತಾಡಿದಿರಿ. ತಪ್ಪಿದ್ದರೆ ಪಕ್ಕಕ್ಕೆ ಕರೆದು ಹೇಳಿ ಎಂದಿರಿ. ಅಷ್ಟರ ನಂತರ ಅಣಕಿಸುವುದು ನಿಂತಿತು.

ಹಾಸ್ಟೆಲ್ ರೂಮಿನ ಗೆಳತಿಯರೇ, ಊಟ ಆದ ಮೇಲೆ ನನ್ನಿಂದ ಹ್ಯಾಂಡ್‌ಓವರ್ ಹೇಳಿಸಿದಿರಿ. ಬೆಡ್ ನಂಬರ್, ಡಯಾಗ್ನೋಸಿಸ್, ಇನ್‌ಟೇಕ್ ಔಟ್‌ಪುಟ್, ಬರಬೇಕಾದ ರಿಪೋರ್ಟ್. ತಡವರಿಸಿದರೆ ಯಾರೂ ನಗಲಿಲ್ಲ.

ಈಗ ಪೋಸ್ಟಿಂಗ್‌ನಲ್ಲಿರುವ ಜೂನಿಯರ್‌ಗಳೇ, ಯಾರಾದರೂ ಹೀಗೆ ಕಾಡುತ್ತಿದ್ದರೆ ನನಗೆ ಮೆಸೇಜ್ ಮಾಡಿ. ಟ್ಯೂಟರ್ ಹತ್ತಿರ ಹೋಗಲು ಭಯವಾದರೆ ನಾನೇ ಜೊತೆಗೆ ಬರುತ್ತೇನೆ.