ರೂಪಕ ಕೈಕೊಡುವ ಜಾಗ: ಯುವ ಲೇಖಕಿಗೊಂದು ಪತ್ರ

ಪ್ರೀತಿಯ ತಂಗಿ,

ಹೈಸ್ಕೂಲು ಮಕ್ಕಳಿಗಾಗಿ ವಿದ್ಯುತ್ತಿನ ಬಗ್ಗೆ ನೀನು ಬರೆದ ಲೇಖನದ ಕರಡು ಓದಿದೆ. ಭಾಷೆ ಸರಾಗವಾಗಿದೆ, ಮಾಹಿತಿಯಲ್ಲಿ ತಪ್ಪಿಲ್ಲ. ಆದರೆ ಮೊದಲ ಪುಟದಲ್ಲೇ 'ವಿದ್ಯುತ್ ಎಂದರೆ ಕೊಳವೆಯಲ್ಲಿ ಹರಿಯುವ ನೀರಿದ್ದಂತೆ' ಎಂದು ಬರೆದು, ಆ ಹೋಲಿಕೆಯನ್ನು ಅಲ್ಲೇ ಬಿಟ್ಟು ಸೂತ್ರಕ್ಕೆ ಹಾರಿದ್ದೀಯ. 'ಎಂಥ ಅದ್ಭುತ, ಅಲ್ಲವೇ ಮಕ್ಕಳೇ!' ಎಂಬ ಮಾತು ಮೂರು ಕಡೆ ಬಂದಿದೆ. ಈ ಎರಡರ ಬಗ್ಗೆಯೇ ಸ್ವಲ್ಪ ವಿವರವಾಗಿ ಬರೆಯುತ್ತೇನೆ.

ಮೊದಲು ಭಾವನೆ. ಅದ್ಭುತ ಎಂದು ಬರೆದ ಮಾತ್ರಕ್ಕೆ ಓದುವವರಿಗೆ ಅದ್ಭುತ ಅನಿಸುವುದಿಲ್ಲ. ನಮ್ಮ ಕಾವ್ಯಮೀಮಾಂಸಕರು ಇದನ್ನು ಚೆನ್ನಾಗಿ ಬಲ್ಲವರು. ವಿಭಾವ (ಭಾವದ ಕಾರಣ), ಅನುಭಾವ (ಮೈಮೇಲೆ ಕಾಣುವ ಅದರ ಪರಿಣಾಮ), ವ್ಯಭಿಚಾರಿಭಾವ (ಬಂದು ಹೋಗುವ ಭಾವ) ಇವು ಕೂಡಿದಾಗ ರಸ ಹುಟ್ಟುತ್ತದೆ ಎಂದು ಭರತ ಹೇಳಿದ. ರಸವನ್ನೋ ಅದರ ಬೇರಾದ ಸ್ಥಾಯಿಭಾವವನ್ನೋ ನೇರ ಹೆಸರು ಹಿಡಿದು ಹೇಳುವುದನ್ನು ಮಮ್ಮಟ ದೋಷಗಳ ಪಟ್ಟಿಗೇ ಸೇರಿಸಿದ. ಅದ್ಭುತ ರಸದ ಸ್ಥಾಯಿ ವಿಸ್ಮಯ. ಕಲಿಕೆಗೆ ಎಲ್ಲಕ್ಕಿಂತ ಹೆಚ್ಚು ಬೇಕಾದ ಭಾವವೂ ಅದೇ ಎಂಬುದು ನನ್ನ ನಂಬಿಕೆ. ನೀನು ಒದಗಿಸಬೇಕಾದದ್ದು ವಿಭಾವವನ್ನು, ಅಂದರೆ ವಿಸ್ಮಯದ ಕಾರಣವನ್ನು.

ನಿನ್ನ ವಿಷಯದಲ್ಲಿ ಅಂಥ ಕಾರಣಕ್ಕೆ ಬರವಿಲ್ಲ. ಒಂದು ಚದರ ಮಿಲಿಮೀಟರ್ ಅಡ್ಡಕೊಯ್ತದ ತಾಮ್ರದ ತಂತಿಯಲ್ಲಿ 1 ಆಂಪಿಯರ್ ಪ್ರವಾಹ ಇದ್ದಾಗ ಎಲೆಕ್ಟ್ರಾನುಗಳು ಸರಾಸರಿ ಸೆಕೆಂಡಿಗೆ ಸುಮಾರು 0.07 ಮಿಲಿಮೀಟರ್ ಮಾತ್ರ ಮುಂದೆ ಸರಿಯುತ್ತವೆ. ಒಂದು ಮೀಟರ್ ದಾಟಲು ಹತ್ತಿರ ಹತ್ತಿರ ನಾಲ್ಕು ಗಂಟೆ ಬೇಕು. ಆದರೂ ಟಾರ್ಚಿನ ಸ್ವಿಚ್ ಒತ್ತಿದ ಕೂಡಲೇ ಬಲ್ಬು ಹೊತ್ತಿಕೊಳ್ಳುತ್ತದೆ. ಹೇಗೆ?

ಇಷ್ಟು ಬರೆದು ನಿಲ್ಲಿಸು. ಉತ್ತರ ಮುಂದಿನ ವಾಕ್ಯದಲ್ಲೇ ಬಂದರೆ ಮಗು ಯೋಚಿಸುವ ಮೊದಲೇ ಕುತೂಹಲ ತಣ್ಣಗಾಗುತ್ತದೆ. 'ನಿಮ್ಮ ಊಹೆಯನ್ನು ಒಂದು ಸಾಲಿನಲ್ಲಿ ಬರೆದಿಡಿ' ಎಂದು ಹೇಳಿ, ಒಂದು ಪ್ಯಾರಾ ಬಿಟ್ಟು ಉತ್ತರ ಕೊಡು: ತಂತಿಯ ಉದ್ದಕ್ಕೂ ಎಲೆಕ್ಟ್ರಾನುಗಳು ಮೊದಲೇ ತುಂಬಿವೆ, ಸ್ವಿಚ್ ಹಾಕಿದಾಗ ಎಲ್ಲವೂ ಹೆಚ್ಚುಕಡಿಮೆ ಒಟ್ಟಿಗೇ ಹೊರಡುತ್ತವೆ. ಬಲ್ಬಿನ ಪಕ್ಕದಲ್ಲೇ ಇದ್ದವು ಬಲ್ಬಿನೊಳಗೆ ನುಗ್ಗುತ್ತವೆ. ಟಾರ್ಚನ್ನೇ ಉದಾಹರಣೆಯಾಗಿ ಇಟ್ಟುಕೋ. ಮನೆಯ ಕರೆಂಟಿನಲ್ಲಿ ಪ್ರವಾಹದ ದಿಕ್ಕು ಸೆಕೆಂಡಿಗೆ 100 ಸಲ ತಿರುಗುವುದರಿಂದ ಅಲ್ಲಿ ಈ ಲೆಕ್ಕ ನಡೆಯದು.

ಭಾವನೆಯ ವಿಷಯದಲ್ಲಿ ಇನ್ನೊಂದು ಎಚ್ಚರಿಕೆ. ಸಿಡಿಲು ಬಡಿದವರ ಕಥೆಯನ್ನು ನೀನು ಮೊದಲಲ್ಲೇ ಇಟ್ಟಿದ್ದೀಯ. ಓದಿದರೆ ಎದೆ ಝಲ್ಲೆನ್ನುತ್ತದೆ ನಿಜ. ಆದರೆ ಹಾರ್ಪ್ ಮತ್ತು ಮೇಯರ್ ಎಂಬ ಮನೋವಿಜ್ಞಾನಿಗಳು 1998ರಲ್ಲಿ ಪ್ರಕಟಿಸಿದ ಪ್ರಯೋಗಗಳಲ್ಲಿ ಸಿಡಿಲಿನ ಪಾಠವನ್ನೇ ಬಳಸಿದ್ದರು. ರೋಚಕವಾದರೂ ಮುಖ್ಯ ವಿಷಯಕ್ಕೆ ಸಂಬಂಧವಿಲ್ಲದ ಸಂಗತಿಗಳನ್ನು ಪಾಠದೊಳಗೆ ಸೇರಿಸಿದಾಗ ಓದಿದವರಿಗೆ ಮುಖ್ಯ ಅಂಶಗಳು ಕಡಿಮೆ ನೆನಪಿದ್ದವು, ಹೊಸ ಸಮಸ್ಯೆ ಬಿಡಿಸುವುದರಲ್ಲೂ ಅವರು ಹಿಂದೆ ಬಿದ್ದರು. ಅಂಥ ಸಂಗತಿ ಆರಂಭದಲ್ಲಿದ್ದಾಗ ಹಾನಿ ಹೆಚ್ಚು, ಕಾರಣ ಓದುವವರು ಉಳಿದದ್ದನ್ನೆಲ್ಲ ಆ ಕಥೆಯ ಸುತ್ತಲೇ ಜೋಡಿಸಿಕೊಳ್ಳುತ್ತಾರೆ. ಭಾವ ವಿಷಯದ ಒಳಗಿಂದಲೇ ಹುಟ್ಟಬೇಕು. ಆ ಕಥೆಯನ್ನು ಕೊನೆಗೆ ಸರಿಸು, ಇಲ್ಲವೇ ತೆಗೆದುಬಿಡು.

ಇನ್ನು ರೂಪಕ. ಉಪಮೆಗೆ ನಾಲ್ಕು ಅಂಗ ಎಂದು ಶಾಲೆಯಲ್ಲೇ ಓದಿದ್ದೀಯ: ಉಪಮೇಯ (ವಿವರಿಸಬೇಕಾದದ್ದು), ಉಪಮಾನ (ಹೋಲಿಕೆಗೆ ತಂದದ್ದು), ಉಪಮಾವಾಚಕ ('ಅಂತೆ'ಯಂಥ ಪದ), ಸಮಾನಧರ್ಮ (ಎರಡರಲ್ಲೂ ಇರುವ ಗುಣ). ಹೊಸದಾಗಿ ಬರೆಯುವವರು ಉಪಮೇಯ, ಉಪಮಾನಗಳನ್ನು ಜೋಡಿಸಿ ಅಲ್ಲಿಗೇ ಬಿಡುತ್ತಾರೆ. ಕೆಲಸ ಮಾಡುವುದು ಸಮಾನಧರ್ಮ. ಅದೂ ಬಣ್ಣ, ಆಕಾರದ ಸಾಮ್ಯವಲ್ಲ, ಭಾಗಗಳ ನಡುವಿನ ಸಂಬಂಧದ ಸಾಮ್ಯ. ಡೆಡ್ರೆ ಗೆಂಟ್ನರ್ ಎಂಬ ಮನೋವಿಜ್ಞಾನಿ 1983ರಲ್ಲಿ ಒತ್ತಿ ಹೇಳಿದ್ದೂ ಇದನ್ನೇ. ನೀರು ಒದ್ದೆ, ವಿದ್ಯುತ್ ಒದ್ದೆಯಲ್ಲ, ಅದು ಲೆಕ್ಕಕ್ಕಿಲ್ಲ. ಒತ್ತಡ ಹೆಚ್ಚಿದರೆ ಹರಿವು ಹೆಚ್ಚುತ್ತದೆ, ದಾರಿ ಕಿರಿದಾದರೆ ಹರಿವು ತಗ್ಗುತ್ತದೆ. ಈ ಸಂಬಂಧ ಎರಡೂ ಕಡೆ ನಿಲ್ಲುತ್ತದೆ.

ಆದ್ದರಿಂದ ಹೋಲಿಕೆ ಹೊಳೆದ ತಕ್ಷಣ ಲೇಖನಕ್ಕೆ ಹಾಕಬೇಡ. ಒಂದು ಹಾಳೆಯಲ್ಲಿ ನಾಲ್ಕು ಕಾಲಂ ಎಳೆ. ಮೊದಲನೆಯದರಲ್ಲಿ ಉಪಮಾನದ ಭಾಗ, ಎರಡನೆಯದರಲ್ಲಿ ಉಪಮೇಯದ ಭಾಗ, ಮೂರನೆಯದರಲ್ಲಿ ಎರಡಕ್ಕೂ ಹೊಂದುವ ಸಂಬಂಧ, ನಾಲ್ಕನೆಯದರಲ್ಲಿ ಅದು ಎಲ್ಲಿ ಕೈಕೊಡುತ್ತದೆ ಎಂಬುದು. ಮೂರನೇ ಕಾಲಮಿನಲ್ಲಿ ಮೂರು ಸಾಲಾದರೂ ತುಂಬದಿದ್ದರೆ ಆ ಹೋಲಿಕೆ ಬರೀ ಅಲಂಕಾರ, ಪಾಠಕ್ಕೆ ಒದಗದು.

ನಿನ್ನ ನೀರಿನ ಹೋಲಿಕೆಯನ್ನೇ ಹಾಕಿ ನೋಡೋಣ. ಮನೆಯ ಮೇಲಿನ ಟ್ಯಾಂಕು ಬ್ಯಾಟರಿ, ಟ್ಯಾಂಕಿನ ಎತ್ತರ ವೋಲ್ಟೇಜು, ಹರಿವು ಪ್ರವಾಹ, ಕಿರಿದಾದ ಕೊಳವೆ ರೋಧಕ. ಚೆನ್ನಾಗಿದೆ. ಆದರೆ ಟ್ಯಾಂಕಿನ ನೀರು ಬಳಸಿದ ಮೇಲೆ ಮೋರಿಗೆ ಹೋಗುತ್ತದೆ. ಹಾಗಾಗಿ ಬಲ್ಬು ಕರೆಂಟನ್ನು 'ತಿಂದುಹಾಕುತ್ತದೆ', ಬಲ್ಬು ದಾಟಿದ ಮೇಲೆ ಕಡಿಮೆ ಉಳಿಯುತ್ತದೆ ಎಂದು ಮಗು ನಂಬಿಬಿಡುತ್ತದೆ. ಮಕ್ಕಳಲ್ಲಿ ತುಂಬ ಕಾಣುವ ತಪ್ಪು ಕಲ್ಪನೆ ಇದು, ನಿನ್ನ ಹೋಲಿಕೆ ಅದಕ್ಕೆ ನೀರೆರೆಯುತ್ತದೆ. ಬಲ್ಬಿನ ಹಿಂದೊಂದು ಮುಂದೊಂದು ಅಮ್ಮೀಟರ್ (ಪ್ರವಾಹ ಅಳೆಯುವ ಸಾಧನ) ಇಟ್ಟರೆ ಎರಡರಲ್ಲೂ ಒಂದೇ ಅಂಕಿ.

ಸರಿಪಡಿಸುವುದು ಸುಲಭ. ಮೋರಿಯನ್ನು ಮುಚ್ಚಿ ನೀರನ್ನು ಮರಳಿ ಸಂಪಿಗೆ ಬಿಡು. ಸಂಪಿನಿಂದ ಪಂಪು ನೀರನ್ನು ಮೇಲಕ್ಕೆತ್ತುತ್ತದೆ, ನೀರು ಕೊಳವೆಯಲ್ಲಿ ಇಳಿದು ಮತ್ತೆ ಸಂಪು ಸೇರುತ್ತದೆ. ಈಗ ಬ್ಯಾಟರಿ ಎಂದರೆ ಟ್ಯಾಂಕಲ್ಲ, ಪಂಪು. ಸುತ್ತು ಪೂರ್ತಿಯಾಯಿತು. ನೀರು ಅಷ್ಟೇ ಉಳಿಯುತ್ತದೆ, ಖರ್ಚಾಗುವುದು ಎತ್ತರ. ವಿದ್ಯುತ್ತಿನಲ್ಲಿ ಖರ್ಚಾಗುವುದು ಶಕ್ತಿ. 1.5 ವೋಲ್ಟಿನ ಎರಡು ಸೆಲ್ಲುಗಳನ್ನು ಸರಣಿಯಲ್ಲಿ ಜೋಡಿಸಿದರೆ 3 ವೋಲ್ಟ್ ಏಕೆ, ಸಮಾಂತರವಾಗಿ ಜೋಡಿಸಿದರೆ 1.5 ವೋಲ್ಟೇ ಏಕೆ ಎಂಬುದಕ್ಕೂ ಇದೇ ಚಿತ್ರ ಸಾಕು. ಒಂದರ ಮೇಲೊಂದು ಪಂಪು ಕೂತರೆ ಎತ್ತರ ಎರಡು ಪಟ್ಟು, ಅಕ್ಕಪಕ್ಕ ಕೂತರೆ ಎತ್ತರ ಅಷ್ಟೇ.

ರೋಧಕಗಳಿಗೆ ಬಂದಾಗ ನೀರು ತೊಡರುತ್ತದೆ. 10 ಓಮ್‌ನ ಎರಡು ರೋಧಕಗಳನ್ನು ಸಮಾಂತರವಾಗಿ ಜೋಡಿಸಿದರೆ ಒಟ್ಟು ರೋಧ 5 ಓಮ್. ತಡೆ ಎರಡಾದ ಮೇಲೂ ತಡೆ ಕಡಿಮೆಯಾಗುವುದು ಹೇಗೆ ಎಂದು ಮಗು ಗಲಿಬಿಲಿಗೊಳ್ಳುತ್ತದೆ. ಇಲ್ಲಿ ಹೋಲಿಕೆ ಬದಲಿಸು. ಮೆಟ್ರೊ ನಿಲ್ದಾಣದ ಟಿಕೆಟ್ ಗೇಟುಗಳನ್ನು ತೆಗೆದುಕೋ. ಒಂದು ಗೇಟಿನ ಹಿಂದೆ ಇನ್ನೊಂದಿದ್ದರೆ ಜನ ನಿಧಾನ, ಪಕ್ಕಪಕ್ಕದಲ್ಲಿದ್ದರೆ ನಿಮಿಷಕ್ಕೆ ಎರಡು ಪಟ್ಟು ಜನ ಹೊರಬರುತ್ತಾರೆ. ಡೆಡ್ರೆ ಗೆಂಟ್ನರ್ ಮತ್ತು ಡೊನಾಲ್ಡ್ ಗೆಂಟ್ನರ್ ಅವರ 1983ರ ಅಧ್ಯಯನದಲ್ಲಿ ಕಂಡದ್ದೂ ಇದೇ: ಮನಸ್ಸಿನಲ್ಲಿ ಹರಿಯುವ ನೀರನ್ನು ಇಟ್ಟುಕೊಂಡವರು ಬ್ಯಾಟರಿ ಜೋಡಣೆಯ ಪ್ರಶ್ನೆಗಳಲ್ಲಿ ಮುಂದಿದ್ದರು, ಚಲಿಸುವ ಜನಜಂಗುಳಿಯನ್ನು ಇಟ್ಟುಕೊಂಡವರು ರೋಧಕದ ಪ್ರಶ್ನೆಗಳಲ್ಲಿ. ಗೇಟಿನ ಚಿತ್ರಕ್ಕೂ ಕೊರತೆಯಿದೆ. ಜನರನ್ನು ತಳ್ಳುವವರು ಯಾರು ಎಂಬುದಕ್ಕೆ, ಅಂದರೆ ಬ್ಯಾಟರಿಗೆ, ಅದರಲ್ಲಿ ಜಾಗವಿಲ್ಲ.

ಈ ಕೊರತೆಗಳನ್ನು ಮುಚ್ಚಿಡಬೇಡ, ಮಗುವಿನ ಮುಂದೆ ಇಡು. ಕೊಳವೆ ಕತ್ತರಿಸಿದರೆ ನೀರು ಸುರಿಯುತ್ತದೆ, ತಂತಿ ಕತ್ತರಿಸಿದರೆ ಕರೆಂಟು ಸುರಿಯುವುದಿಲ್ಲ, ನಿಲ್ಲುತ್ತದೆ. 'ಏಕೆ?' ಎಂದು ಕೇಳು. ಯೋಚನೆ ಶುರುವಾಗುವುದು ಇಲ್ಲಿಂದಲೇ. ಬಸವಣ್ಣನವರ ವಚನವನ್ನು ಈ ಕಣ್ಣಿನಿಂದ ಇನ್ನೊಮ್ಮೆ ಓದು. 'ಎನ್ನ ಕಾಲೇ ಕಂಬ, ದೇಹವೇ ದೇಗುಲ, ಶಿರವೇ ಹೊನ್ನ ಕಳಸವಯ್ಯಾ' ಎಂದು ಅಂಗಕ್ಕೆ ಅಂಗ ಕೂಡಿಸಿ, ಕೊನೆಗೆ 'ಸ್ಥಾವರಕ್ಕಳಿವುಂಟು ಜಂಗಮಕ್ಕಳಿವಿಲ್ಲ' ಎಂದು ದೇಹ, ದೇಗುಲಗಳನ್ನು ಬೇರ್ಪಡಿಸುತ್ತಾರೆ. ವಚನದ ವಿಚಾರವೆಲ್ಲ ನಿಂತಿರುವುದು ಆ ಬೇರ್ಪಡಿಕೆಯ ಮೇಲೆ. ಸಾಮ್ಯಗಳನ್ನು ಅಷ್ಟು ಬಿಗಿಯಾಗಿ ಕಟ್ಟಿರದಿದ್ದರೆ ಆ ಕೊನೆಯ ಸಾಲಿಗೆ ಅಷ್ಟು ಬಲ ಬರುತ್ತಿರಲಿಲ್ಲ.

ಮಕ್ಕಳ ಕೈಯಲ್ಲೂ ರೂಪಕ ಕಟ್ಟಿಸು. ವಿಲಿಯಂ ಗಾರ್ಡನ್ 1961ರಲ್ಲಿ ವಿವರಿಸಿದ ಸೃಜನಶೀಲ ಚಿಂತನೆಯ ವಿಧಾನದಲ್ಲಿ ವಸ್ತುವಿನೊಳಗೆ ತಾನೇ ಹೊಕ್ಕು ನೋಡುವ ಬಗೆಯೊಂದಿದೆ. 'ನೀನೇ ಎಲೆಕ್ಟ್ರಾನ್. ಬಲ್ಬಿನ ಸಣ್ಣ ತಂತಿಯೊಳಗೆ ಹೊಕ್ಕೆ. ಮೈಗೆ ಏನೇನಾಯಿತು? ಐದು ನಿಮಿಷದಲ್ಲಿ ಬರೆ. ಭಯ, ಖುಷಿ ಎಂಬ ಪದ ಬಳಸಬೇಡ.' ಹೆಸರು ತೆಗೆದುಬಿಟ್ಟರೆ ಮಗು ಅನುಭಾವಕ್ಕೆ ಇಳಿಯಲೇಬೇಕು: ಇಕ್ಕಟ್ಟು, ಡಿಕ್ಕಿ, ಬಿಸಿ. ಬಲ್ಬಿನ ಆ ತಂತಿ ಬಿಸಿಯಾಗುವುದು ಏಕೆಂಬ ಪಾಠ ಅರ್ಧ ಅಲ್ಲೇ ಮುಗಿಯುತ್ತದೆ.

ಇದರಲ್ಲೊಂದು ಅಪಾಯವೂ ಇದೆ. 'ಎಲೆಕ್ಟ್ರಾನಿಗೆ ಧನ ಧ್ರುವ ಎಂದರೆ ಇಷ್ಟ' ಎಂದು ಬರೆದ ಮಗು ಆ ಇಷ್ಟವನ್ನೇ ಕಾರಣ ಎಂದು ನೆನಪಿಟ್ಟುಕೊಳ್ಳಬಹುದು. ಆದ್ದರಿಂದ ಬರೆದಾದ ಮೇಲೆ ಇನ್ನೊಂದು ಸುತ್ತು ಬೇಕು: ಆಸೆ, ಇಷ್ಟ ಇರುವ ವಾಕ್ಯಗಳಿಗೆ ಗೆರೆ ಎಳೆದು, ಅಲ್ಲಿ ನಿಜವಾಗಿ ನಡೆಯುವುದೇನು ಎಂದು ಪಕ್ಕದಲ್ಲಿ ಬರೆಯುವುದು. ಈ ಸುತ್ತನ್ನು ಬಿಡುವುದಾದರೆ ಮೊದಲನೆಯದನ್ನೂ ಮಾಡಿಸಬೇಡ.

ತಿದ್ದಿದ ಮೇಲೆ ಇಬ್ಬರು ಮಕ್ಕಳಿಗೆ ಓದಲು ಕೊಡು. ಅರ್ಥವಾಯಿತೇ ಎಂದು ಕೇಳಬೇಡ, ಎಲ್ಲರೂ ಹೂಂ ಅನ್ನುತ್ತಾರೆ. ಲೇಖನದಲ್ಲಿಲ್ಲದ ಪ್ರಶ್ನೆ ಕೇಳು: ಸಮಾಂತರವಾಗಿ ಜೋಡಿಸಿದ ಮೂರು ಬಲ್ಬುಗಳಲ್ಲಿ ಒಂದನ್ನು ಕಿತ್ತರೆ ಉಳಿದ ಎರಡರ ಕಥೆಯೇನು? ಉತ್ತರ ಹೇಳುವಾಗ ಅವರ ಬಾಯಲ್ಲಿ ಗೇಟು ಬರುತ್ತದೋ ಪಂಪು ಬರುತ್ತದೋ ಎಂಬುದನ್ನು ಗಮನಿಸಿ ಬರೆದುಕೋ. ಮುಂದಿನ ಕರಡಿನ ಜೊತೆ ಆ ಟಿಪ್ಪಣಿಯನ್ನೂ ನಾಲ್ಕು ಕಾಲಮಿನ ಹಾಳೆಯನ್ನೂ ಕಳಿಸು.

ಪ್ರೀತಿಯಿಂದ,
ನಿನ್ನ ಅಕ್ಕ