ಕೊಳಚೆ ನೀರಿನ ಸಂಸ್ಕರಣೆ: ಸಾರಜನಕ, ರಂಜಕದ ಲೆಕ್ಕವೂ ಬೇಕು

ಮಾನ್ಯ ಸಂಪಾದಕರೇ,

ಸಂಸ್ಕರಣಾ ಘಟಕದಿಂದ ಹೊರಬರುವ ನೀರು ತಿಳಿಯಾಗಿದೆ, ವಾಸನೆಯಿಲ್ಲ, ಬಿಒಡಿ (ನೀರಿನ ಸಾವಯವ ಕೊಳೆಯನ್ನು ಕರಗಿಸಲು ಬ್ಯಾಕ್ಟೀರಿಯಾಗಳಿಗೆ ಬೇಕಾಗುವ ಆಮ್ಲಜನಕದ ಅಳತೆ) ಮಿತಿಯೊಳಗಿದೆ ಎಂದಾಕ್ಷಣ ಕೆಲಸ ಮುಗಿಯಿತೆಂದು ಭಾವಿಸುವ ರೂಢಿ ಬೇರೂರಿದೆ. ಅದೇ ನೀರನ್ನು ಗಾಜಿನ ಜಾಡಿಯಲ್ಲಿ ತುಂಬಿ ಕೆಲವು ದಿನ ಬಿಸಿಲಿಗಿಟ್ಟರೆ ಹಸಿರಾಗತೊಡಗುತ್ತದೆ. ಅದರಲ್ಲಿ ಕರಗಿರುವ ಸಾರಜನಕ ಮತ್ತು ರಂಜಕವೇ ಪಾಚಿಗೆ ಗೊಬ್ಬರ. ಜಲಮೂಲಗಳಲ್ಲಿ ಆ ಪಾಚಿ ಸತ್ತು ಕೊಳೆಯುವಾಗ ಆಮ್ಲಜನಕ ಬರಿದಾಗಿ ಮೀನುಗಳು ಸಾಯುತ್ತವೆ.

ಕೆನಡಾದ ಸಂಶೋಧಕರು 1973ರಲ್ಲಿ ಪ್ರಯೋಗಕ್ಕೆಂದು ಮೀಸಲಿಟ್ಟ ಸರೋವರಗಳಲ್ಲಿ 226ನೇ ಸಂಖ್ಯೆಯದನ್ನು ಪರದೆಯಿಂದ ಎರಡು ಭಾಗ ಮಾಡಿ, ಎರಡಕ್ಕೂ ಇಂಗಾಲ ಮತ್ತು ಸಾರಜನಕವನ್ನು, ಒಂದಕ್ಕೆ ಮಾತ್ರ ರಂಜಕವನ್ನೂ ಸೇರಿಸಿದರು. ರಂಜಕ ಬಿದ್ದ ಭಾಗದಲ್ಲಿ ಪಾಚಿ ದಟ್ಟವಾಗಿ ಹಬ್ಬಿತು. ಕರಾವಳಿಯ ನೀರಿನಲ್ಲಾದರೋ ಸಾರಜನಕದ ಪಾತ್ರ ದೊಡ್ಡದು. ಆದ್ದರಿಂದ ಎರಡನ್ನೂ ತೆಗೆಯಬೇಕು.

ಗಾಳಿಯೂದುವ ತೊಟ್ಟಿಯಲ್ಲಿ ಬ್ಯಾಕ್ಟೀರಿಯಾಗಳು ಅಮೋನಿಯಾವನ್ನು ನೈಟ್ರೇಟ್ ಆಗಿ ಬದಲಿಸುತ್ತವೆ. ಅಮೋನಿಯಾ ಇಳಿಯಿತೆಂದು ವರದಿಯಾಗುತ್ತದೆ, ಆದರೆ ಸಾರಜನಕ ರೂಪ ಬದಲಿಸಿದೆಯೇ ಹೊರತು ನೀರನ್ನು ಬಿಟ್ಟು ಹೋಗಿರುವುದಿಲ್ಲ. ತೊಟ್ಟಿಯ ಒಂದು ಭಾಗಕ್ಕೆ ಗಾಳಿ ನಿಲ್ಲಿಸಿ, ನೈಟ್ರೇಟ್ ತುಂಬಿದ ನೀರನ್ನು ಅಲ್ಲಿಗೆ ಮರಳಿಸಿ, ಹೊಸದಾಗಿ ಬರುವ ಕೊಳಚೆಯೊಂದಿಗೆ ಕಲಕುತ್ತಿದ್ದರೆ, ಆಮ್ಲಜನಕ ಸಿಗದ ಬ್ಯಾಕ್ಟೀರಿಯಾಗಳು ನೈಟ್ರೇಟಿನಿಂದಲೇ ಉಸಿರಾಡುತ್ತವೆ. ಸಾರಜನಕ ಅನಿಲದ ಗುಳ್ಳೆಗಳಾಗಿ ಮೇಲೆದ್ದು ಗಾಳಿಗೆ ಸೇರುತ್ತದೆ. ಕೊಳಚೆಯ ಒಂದಷ್ಟು ಸಾವಯವ ಅಂಶ ಊದುವ ಗಾಳಿಯ ನೆರವಿಲ್ಲದೆಯೇ ಖರ್ಚಾಗುವುದರಿಂದ ಬ್ಲೋವರ್‌ಗಳ ವಿದ್ಯುತ್ತೂ ಉಳಿಯುತ್ತದೆ. ಹಳೆಯ ಘಟಕದ ತೊಟ್ಟಿಗಳು ಸಾಕಷ್ಟು ದೊಡ್ಡದಾಗಿದ್ದರೆ ಒಂದು ತಡೆಗೋಡೆ, ಮಿಕ್ಸರ್ ಮತ್ತು ಪಂಪುಗಳಿಂದಲೇ ಇದು ಸಾಧ್ಯ. ಹೀಗಿದ್ದೂ ಸುಧಾರಿತ ತಂತ್ರಜ್ಞಾನ ಎಂದೊಡನೆ ಹೊಸ ಘಟಕದ ದುಬಾರಿ ವೆಚ್ಚವನ್ನು ಮುಂದೊಡ್ಡಿ ಕೈಚೆಲ್ಲುವುದು ನನಗೆ ಬಹಳ ನೋವು ತರುತ್ತದೆ.

ರಂಜಕ ಹೀಗೆ ಗಾಳಿಗೆ ಸೇರದು, ತೊಟ್ಟಿಯ ತಳದಲ್ಲಿ ಸೇರುವ ಕೆಸರಿನೊಂದಿಗೇ ಹೊರತೆಗೆಯಬೇಕು. ಆಲಂ ಅಥವಾ ಫೆರಿಕ್ ಕ್ಲೋರೈಡ್ ಬೆರೆಸಿ ಅದನ್ನು ತಳಕ್ಕಿಳಿಸಬಹುದಾದರೂ ಕೆಸರು ಹೆಚ್ಚುತ್ತದೆ. ಮೊದಲು ಗಾಳಿಯೂ ನೈಟ್ರೇಟೂ ಇಲ್ಲದ ತೊಟ್ಟಿ, ಬಳಿಕ ಗಾಳಿಯ ತೊಟ್ಟಿ ಎಂದು ಸುತ್ತಿಸಿದರೆ ಕೆಲವು ಬ್ಯಾಕ್ಟೀರಿಯಾಗಳು ತಮ್ಮ ಅಗತ್ಯಕ್ಕಿಂತ ಹೆಚ್ಚು ರಂಜಕವನ್ನು ಒಡಲಲ್ಲಿ ಕೂಡಿಡುತ್ತವೆ. ಆ ಬ್ಯಾಕ್ಟೀರಿಯಾಗಳು ತುಂಬಿದ ಕೆಸರಿನಿಂದ ಬಿಡುಗಡೆಯಾಗುವ ರಂಜಕವನ್ನು ಮೆಗ್ನೀಷಿಯಂ ಸೇರಿಸಿ ಸ್ಟ್ರೂವೈಟ್ ಎಂಬ ಹರಳಾಗಿಸಿದರೆ ಹೊಲಕ್ಕೆ ಗೊಬ್ಬರ ಸಿಗುತ್ತದೆ.

ಐರೋಪ್ಯ ಸಮುದಾಯವು 1991ರಲ್ಲೇ, ಪಾಚಿಯ ಅಪಾಯವಿರುವ ಜಲಮೂಲಗಳಿಗೆ ನೀರು ಬಿಡುವ ದೊಡ್ಡ ನಗರಗಳಿಗೆ ಲೀಟರಿಗೆ 10 ಮಿಲಿಗ್ರಾಂ ಸಾರಜನಕ, 1 ಮಿಲಿಗ್ರಾಂ ರಂಜಕದ ಮಿತಿ ನಿಗದಿಪಡಿಸಿತು. ಘಟಕಗಳಿಗೆ ಅನುಮತಿ ನೀಡುವವರು ಬಿಒಡಿಯ ಜೊತೆಗೆ ಒಟ್ಟು ಸಾರಜನಕ ಮತ್ತು ಒಟ್ಟು ರಂಜಕದ ಅಳತೆಯನ್ನೂ ಕಡ್ಡಾಯಗೊಳಿಸಿ, ಫಲಿತಾಂಶವನ್ನು ಜನರ ಮುಂದಿಡಬೇಕೆಂದು ಈ ಪತ್ರದ ಮೂಲಕ ವಿನಂತಿಸುತ್ತೇನೆ.

ಇತಿ,
ಓರ್ವ ಓದುಗ