ಬಟಾಣಿ ಪಿಕಪ್‌ನ ಅಣ್ಣನಿಗೆ

ಹಿಮಾಚಲ ಪ್ರದೇಶದ ಸ್ಪಿತಿ ಕಣಿವೆಗೆ ಹೋಗುವಾಗ ಗ್ರಾಂಫೂನಿಂದ ಬಾತಲ್‌ವರೆಗೆ ರಸ್ತೆ ಅನ್ನೋದು ಹೆಸರಿಗಷ್ಟೇ. ಬರೀ ಉರುಟು ಕಲ್ಲು, ಅಡ್ಡ ಹರಿಯುವ ಹಳ್ಳಗಳು. ಬಿಸಿಲೇರಿದಂತೆ ಹಿಮ ಕರಗಿ ನೀರು ಜಾಸ್ತಿಯಾಗುತ್ತದೆ. ಅಂಥದ್ದೊಂದು ಹಳ್ಳದಲ್ಲಿ ನಮ್ಮ ಕೆಎ ನಂಬರಿನ ಗಾಡಿಯ ಚಕ್ರ ಬಂಡೆಗಳ ಸಂದಿಗೆ ಸಿಕ್ಕಿಕೊಂಡಿತು.

ಎದುರಿನಿಂದ ಪಿಕಪ್ ಗಾಡಿಯಲ್ಲಿ ಬಟಾಣಿ ಮೂಟೆ ಹೇರಿಕೊಂಡು ಬಂದ ಅಣ್ಣಾ, ನೀವು ಏನೂ ಕೇಳಲಿಲ್ಲ. ಪ್ಯಾಂಟು ಮಡಚಿ ಆ ಕೊರೆಯುವ ನೀರಿಗೆ ಇಳಿದಿರಿ. ಕಾಲಲ್ಲೇ ತಡಕಿ ಚಪ್ಪಟೆ ಕಲ್ಲು ಹುಡುಕಿ, ಒಂದೊಂದಾಗಿ ಚಕ್ರದ ಮುಂದೆ ಜೋಡಿಸಿದಿರಿ. ಆಮೇಲೆ ಹಗ್ಗ ಕಟ್ಟಿ, ರಿವರ್ಸಿನಲ್ಲಿ ಎಳೆದಿರಿ. ದುಡ್ಡು ಕೊಡಹೋದರೆ ಬೇಡವೆಂದು, ಬೊಗಸೆ ತುಂಬ ಬಟಾಣಿ ಕೊಟ್ಟಿರಿ. ಎಷ್ಟು ಸಿಹಿ ಮಾರಾಯ್ರೇ!

ಹಿಂದಿನ ಲಾರಿಗಳ ಹಾರ್ನ್ ಗಲಾಟೆಯಲ್ಲಿ ಹೆಸರು ಕೇಳಲಿಕ್ಕೂ ಆಗಲಿಲ್ಲ. ಕತ್ತಲಾಗುವ ಮುಂಚೆ ಕುಂಜುಮ್ ಪಾಸ್ ದಾಟಿ ಲೋಸರ್ ಹಳ್ಳಿ ಸೇರಿದ್ದು ನಿಮ್ಮಿಂದಲೇ. ತುಂಬಾ ಥ್ಯಾಂಕ್ಸ್ ಅಣ್ಣಾ.